ಟೋಟೆಮ್ ಕಂಬಗಳನ್ನು ಓದುವುದು ಹೇಗೆ?

ವ್ಯಾಂಕೂವರಿನಲ್ಲಿ ನೆಲೆಸಿರುವ ನಮಗೆಲ್ಲ ಟೋಟೆಮ್ ಕಂಬ ಹೊಸದೇನೂ ಅಲ್ಲ. ಊರಿನಿಂದ ಅಜ್ಜ ಅಜ್ಜಿ ಬಂದರೆ ಮೊದಲ ವಾರದಲ್ಲೇ ಅವರನ್ನು ಸ್ಟಾನ್ಲಿ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ. ಬ್ರಾಕ್ಟನ್ ಪಾಯಿಂಟಿನಲ್ಲಿ ನಿಂತಿರುವ ಬಣ್ಣದ ಕಂಬಗಳ ಮುಂದೆ ಫೋಟೋ ತೆಗೆಯುತ್ತೇವೆ. ಅಂಗಡಿಗಳಲ್ಲಿ ಅದೇ ಕಂಬ ಚಿಕ್ಕದಾಗಿ ಕೀ ಚೈನಿನಲ್ಲೂ ನೇತಾಡುತ್ತದೆ. ಆದರೆ "ಇದೇನು, ಇವರ ದೇವರೇ?" ಎಂದು ಹಿರಿಯರು ಕೇಳಿದಾಗ ಸರಿಯಾಗಿ ಉತ್ತರ ಹೇಳುವುದು ಸುಲಭವಲ್ಲ. ಆ ಉತ್ತರವನ್ನು ಹುಡುಕಿಕೊಂಡು ನಮ್ಮ ಶಾಲೆಯ ಮಕ್ಕಳೊಡನೆ ನಾವು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆವು. ಅಲ್ಲಿ ನೋಡಿದ್ದನ್ನೂ ಅದರ ಹಿಂದಿನ ಚರಿತ್ರೆಯನ್ನೂ ಮಕ್ಕಳಿಗೆ ಮತ್ತು ಪೋಷಕರಿಗೆ ಇಲ್ಲಿ ತಿಳಿಸುತ್ತಿದ್ದೇವೆ.

ಸಂಗ್ರಹಾಲಯದ ಒಳಗೆ

ಈ ಕಟ್ಟಡವನ್ನು ರೂಪಿಸಿದವರು ಕೆನಡಾದ ಹೆಸರಾಂತ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್. ಇದು 1976ರಲ್ಲಿ ತೆರೆಯಿತು. ಈ ಕರಾವಳಿಯ ಮೂಲನಿವಾಸಿಗಳು ದಪ್ಪ ಕಂಬಗಳ ಮೇಲೆ ಉದ್ದನೆಯ ತೊಲೆಗಳನ್ನಿಟ್ಟು ಮನೆ ಕಟ್ಟುತ್ತಿದ್ದರು. ಎರಿಕ್ಸನ್ ಅದೇ ಮಾದರಿಯನ್ನು ಕಾಂಕ್ರೀಟಿನಲ್ಲಿ ತಂದಿದ್ದಾರೆ. ಇಳಿಜಾರಿನಲ್ಲಿ ಮೆಲ್ಲನೆ ಇಳಿದು ಹೋದರೆ ಎತ್ತರದ ಗಾಜಿನ ಗೋಡೆಗಳಿರುವ ದೊಡ್ಡ ಸಭಾಂಗಣ ಎದುರಾಗುತ್ತದೆ. ಹಳೆಯ ಕಂಬಗಳು ಅಲ್ಲಿ ನಿಂತಿವೆ. ಭೂಕಂಪವನ್ನು ತಡೆದುಕೊಳ್ಳುವಂತೆ ಈ ಸಭಾಂಗಣವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲಾಯಿತು. ಅದಕ್ಕಾಗಿ 2023ರ ಆರಂಭದಲ್ಲಿ ಮುಚ್ಚಿದ ಸಂಗ್ರಹಾಲಯ 2024ರ ಜೂನ್ ತಿಂಗಳಲ್ಲಿ ಮತ್ತೆ ತೆರೆಯಿತು.

ಕಟ್ಟಡ ನಿಂತಿರುವ ನೆಲ ಮಸ್ಕ್ವಿಯಮ್ ಜನರದು. ಈ ನೆಲವನ್ನು ಅವರು ಯಾವ ಒಪ್ಪಂದದ ಮೂಲಕವೂ ಬಿಟ್ಟುಕೊಟ್ಟಿಲ್ಲ. ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ವ್ಯಾಂಕೂವರಿನ ಸುತ್ತಮುತ್ತ ಇದ್ದ ಮಸ್ಕ್ವಿಯಮ್, ಸ್ಕ್ವಾಮಿಶ್ ಮೊದಲಾದ ಕೋಸ್ಟ್ ಸೇಲಿಶ್ ಜನರು ಮುಗಿಲೆತ್ತರದ ಕಂಬಗಳನ್ನು ನಿಲ್ಲಿಸುತ್ತಿರಲಿಲ್ಲ. ಅವರು ಕೆತ್ತುತ್ತಿದ್ದುದು ಮನೆಯೊಳಗಿನ ಆಧಾರಕಂಬಗಳನ್ನು ಮತ್ತು ಅತಿಥಿಗಳನ್ನು ಸ್ವಾಗತಿಸುವ ಮನುಷ್ಯಾಕೃತಿಗಳನ್ನು. ಎತ್ತರದ ಕಂಬಗಳು ಉತ್ತರದ ಹೈಡಾ, ನಿಸ್ಗಾ, ಗಿಟ್ಕ್ಸಾನ್, ಸಿಮ್ಶಿಯನ್, ಕ್ವಾಕ್ವಕಾವಾಕ್ವ್ ಮತ್ತು ಅಲಾಸ್ಕದ ಟ್ಲಿಂಗಿಟ್ ಮೊದಲಾದ ಜನರವು. ಸ್ಟಾನ್ಲಿ ಪಾರ್ಕಿನ ಕಂಬಗಳು ಬಹುಕಾಲ ಈ ಊರಿನ ಗುರುತು ಎನಿಸಿಕೊಂಡಿದ್ದರೂ ಅವುಗಳ ಪರಂಪರೆ ಬೇರೆ ಊರುಗಳದು. 2008ರಲ್ಲಿ ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಅವರು ಕೆತ್ತಿದ ಮೂರು ಸ್ವಾಗತ ದ್ವಾರಗಳನ್ನು ಅಲ್ಲಿ ನಿಲ್ಲಿಸಿದ ಮೇಲೆ ಆ ನೆಲದವರ ಕಲೆಗೂ ಅಲ್ಲಿ ಜಾಗ ಸಿಕ್ಕಿದೆ.

ದೇವರಲ್ಲ, ದಾಖಲೆ

ನಮ್ಮ ಮಕ್ಕಳು ಕೇಳಿದ ಮೊದಲ ಪ್ರಶ್ನೆಯೂ ಅಜ್ಜ ಅಜ್ಜಿಯರದೇ ಆಗಿತ್ತು. ಟೋಟೆಮ್ ಕಂಬ ದೇವರ ವಿಗ್ರಹವಲ್ಲ. ಇದಕ್ಕೆ ಪೂಜೆಯಿಲ್ಲ. ಮೊದಲು ಬಂದ ಪಾದ್ರಿಗಳಲ್ಲಿ ಹಲವರು ಇದನ್ನು ವಿಗ್ರಹವೆಂದೇ ತಿಳಿದು ಕಡಿಸಿ ಹಾಕಿದ್ದುಂಟು. "ಟೋಟೆಮ್" ಎಂಬ ಪದ ಕೂಡ ಈ ಕರಾವಳಿಯದಲ್ಲ. ಪೂರ್ವದಲ್ಲಿ, ಮಹಾ ಸರೋವರಗಳ ಕಡೆ ಇರುವ ಒಜಿಬ್ವೆ ಜನರ ಭಾಷೆಯಿಂದ ಅದು ಇಂಗ್ಲಿಷಿಗೆ ಬಂತು. ಅವರಲ್ಲಿ ಅದರ ಅರ್ಥ ಕುಲ ಎಂದು. ಇಂಥ ಕಂಬಗಳು ಅವರಲ್ಲಿ ಇರಲಿಲ್ಲ.

ಹಾಗಾದರೆ ಕಂಬ ಎಂದರೇನು? ಅದು ಒಂದು ಮನೆತನದ ದಾಖಲೆ. ಆ ಮನೆತನದ ಮೂಲಪುರುಷನಿಗೆ ಯಾವ ಪ್ರಾಣಿ ಎದುರಾಯಿತು, ಯಾವ ಹೆಸರು ಬಂತು, ಯಾವ ಕಥೆಯನ್ನು ಹೇಳುವ ಹಕ್ಕು ಆ ಮನೆತನಕ್ಕಿದೆ, ಯಾರು ತೀರಿಹೋದರು, ಅವರ ಸ್ಥಾನಕ್ಕೆ ಯಾರು ಬಂದರು ಎಂಬುದನ್ನೆಲ್ಲ ಅದು ಸೂಚಿಸುತ್ತದೆ. ಕಥೆಗೂ ಚಿತ್ರಕ್ಕೂ ಒಡೆತನವಿದೆ. ಒಂದು ಮನೆತನದ ಲಾಂಛನವನ್ನು ಇನ್ನೊಂದು ಮನೆತನದವರು ಕೇಳದೆ ಕೆತ್ತಿಸುವಂತಿಲ್ಲ.

ಹೈಡಾ ಜನರ ಉದಾಹರಣೆ ನೋಡೋಣ. ಅವರಲ್ಲಿ ಎರಡು ದೊಡ್ಡ ಬಳಗಗಳಿವೆ. ಒಂದು ರೇವನ್, ಅಂದರೆ ನಮ್ಮ ಕಾಗೆಯ ಜಾತಿಗೇ ಸೇರಿದ ದೊಡ್ಡ ಕಪ್ಪು ಹಕ್ಕಿ. ಇನ್ನೊಂದು ಹದ್ದು. ರೇವನ್ ಬಳಗದವರು ಹದ್ದಿನ ಬಳಗದವರನ್ನೇ ಮದುವೆಯಾಗಬೇಕೆಂಬುದು ಪದ್ಧತಿ. ಮಗು ತಾಯಿಯ ಬಳಗಕ್ಕೆ ಸೇರುತ್ತದೆ. ಮುಖಂಡತ್ವ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಪೋಷಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯ ಅಳಿಯಸಂತಾನ ಕಟ್ಟೂ ಹೀಗೆಯೇ ಇತ್ತು. ಕುಲದ ಹೆಸರಾಗಿ ಪ್ರಾಣಿಯೋ ಗಿಡಮರವೋ ಇರುವುದು ಕೂಡ ನಮ್ಮಲ್ಲಿನ ಬೆಡಗು, ಬಳಿಗಳಲ್ಲಿ ಕಾಣುವಂಥದ್ದೇ.

ಕಂಬಗಳಲ್ಲೂ ಬಗೆಗಳಿವೆ. ಮನೆಯ ಮುಂಭಾಗಕ್ಕೆ ತಾಗಿ ನಿಲ್ಲುವ ಕಂಬವಿದೆ. ಕೆಲವು ಮನೆಗಳಲ್ಲಿ ಅದರ ಬುಡದಲ್ಲಿ ಕೊರೆದ ಕಂಡಿಯೇ ಬಾಗಿಲು. ಮಾಡಿನ ತೊಲೆಯನ್ನು ಹೊರುವ ಒಳಕಂಬವಿದೆ. ತೀರಿಹೋದ ಮುಖಂಡನ ನೆನಪಿಗೆ ಅವನ ಉತ್ತರಾಧಿಕಾರಿ ನಿಲ್ಲಿಸುವ ಸ್ಮಾರಕ ಕಂಬವಿದೆ. ತುದಿಯಲ್ಲಿ ಪೆಟ್ಟಿಗೆಯನ್ನಿಟ್ಟು ಅದರಲ್ಲಿ ಮೃತರ ಅವಶೇಷ ಇರಿಸುವ ಕಂಬವಿದೆ. ಸಾಲ ತೀರಿಸದವರನ್ನು ನಾಚಿಸಲು ನಿಲ್ಲಿಸುತ್ತಿದ್ದ ಕಂಬವೂ ಉಂಟು!

ಆಕೃತಿಗಳನ್ನು ಗುರುತಿಸೋಣ

ಮಕ್ಕಳೇ, ಇನ್ನು ಮುಂದೆ ಕಂಬದ ಮುಂದೆ ನಿಂತಾಗ ಈ ಗುರುತುಗಳನ್ನು ನೆನಪಿಡಿ. ಕೊಕ್ಕು ನೇರವಾಗಿ ಉದ್ದವಾಗಿದ್ದರೆ ರೇವನ್. ಕೊಕ್ಕಿನ ತುದಿ ಕೆಳಕ್ಕೆ ಬಾಗಿದ್ದರೆ ಹದ್ದು. ಮುಂದೆ ಎರಡು ದೊಡ್ಡ ಹಲ್ಲು, ಗೆರೆ ಗೆರೆಯ ಚಪ್ಪಟೆ ಬಾಲ, ಕೈಯಲ್ಲಿ ಒಂದು ಕೋಲು ಇದ್ದರೆ ಬೀವರ್. ಬೆನ್ನಿನ ಮೇಲೆ ಎತ್ತರದ ಈಜುರೆಕ್ಕೆ ಇದ್ದರೆ ಓರ್ಕಾ ತಿಮಿಂಗಿಲ. ಚಿಕ್ಕ ಕಿವಿ, ಅಗಲ ಬಾಯಿ, ದೊಡ್ಡ ಪಂಜ ಇದ್ದರೆ ಕರಡಿ. ಹಲ್ಲಿಲ್ಲದ ಅಗಲ ಬಾಯಿ ಇದ್ದರೆ ಬಹುಶಃ ಕಪ್ಪೆ. ತಲೆಯ ಮೇಲೆ ಸುರುಳಿ ಕೋಡು, ಚಾಚಿದ ರೆಕ್ಕೆ ಇದ್ದರೆ ಥಂಡರ್‌ಬರ್ಡ್ ಎಂಬ ಗುಡುಗಿನ ಹಕ್ಕಿ. ಹೈಡಾ ಕಂಬಗಳ ತುದಿಯಲ್ಲಿ ಎತ್ತರದ ಟೋಪಿ ಹಾಕಿಕೊಂಡು ಕುಳಿತ ಚಿಕ್ಕ ಮನುಷ್ಯರಿದ್ದರೆ ಅವರು ಊರು ಕಾಯುವ ಕಾವಲುಗಾರರು.

ಇಂಗ್ಲಿಷಿನಲ್ಲಿ ಕಡಿಮೆ ದರ್ಜೆಯವನನ್ನು ಟೋಟೆಮ್ ಕಂಬದ ಕೆಳಗಿನವನು ಎನ್ನುವ ಮಾತು ಬಳಕೆಯಲ್ಲಿದೆ. ಇದು ಕಂಬಗಳಿಗೆ ಹೊಂದುವುದಿಲ್ಲ. ಮೇಲಿನದು ದೊಡ್ಡದು, ಕೆಳಗಿನದು ಸಣ್ಣದು ಎಂಬ ನಿಯಮ ಅಲ್ಲಿಲ್ಲ. ನೋಡುವವರ ಕಣ್ಣಿಗೆ ಹತ್ತಿರವಿರುವ ಕೆಳಗಿನ ಆಕೃತಿಯನ್ನೇ ಹಲವು ಸಲ ತುಂಬ ಎಚ್ಚರಿಕೆಯಿಂದ ಕೆತ್ತಿರುತ್ತಾರೆ.

ಆದರೆ ಒಂದು ಮಾತು. ಆಕೃತಿಗಳನ್ನು ಗುರುತಿಸಿದ ಮಾತ್ರಕ್ಕೆ ಕಂಬವನ್ನು ಓದಿದಂತಾಗಲಿಲ್ಲ. ಕರಡಿ, ಕಪ್ಪೆ, ರೇವನ್ ಎಂದು ನಾವು ಹೆಸರು ಹೇಳಬಹುದು. ಆ ಕರಡಿಗೂ ಆ ಮನೆತನಕ್ಕೂ ಏನು ಸಂಬಂಧ ಎಂಬುದನ್ನು ಆ ಮನೆಯವರು ಮಾತ್ರ ಹೇಳಬಲ್ಲರು. ಕಂಬದಲ್ಲಿರುವುದು ಕಥೆಯ ಸೂಚನೆ, ಪೂರ್ತಿ ಕಥೆ ಇರುವುದು ಹೇಳುವವರ ಬಾಯಲ್ಲಿ.

ಒಂದು ಮರ, ನೂರು ಉಪಯೋಗ

ಕಂಬಗಳಿಗೆ ಬಳಸುವುದು ರೆಡ್ ಸೀಡರ್ ಎಂಬ ಮರ. ನಮ್ಮ ಹಿಮಾಲಯದ ದೇವದಾರುವನ್ನೂ ಇಂಗ್ಲಿಷಿನಲ್ಲಿ ಸೀಡರ್ ಎನ್ನುತ್ತಾರೆ, ಆದರೆ ಇವೆರಡರ ಕುಟುಂಬ ಬೇರೆ. ರೆಡ್ ಸೀಡರ್ ಹಗುರ, ಅದರ ನಾರು ನೇರ. ಬೆಣೆ ಹೊಡೆದರೆ ಉದ್ದಕ್ಕೆ ಸೀಳಿ ಹಲಗೆಯಾಗುತ್ತದೆ. ಕೊಳೆಯದಂತೆ ತಡೆಯುವ ರಾಸಾಯನಿಕ ವಸ್ತು ಮರದಲ್ಲೇ ಇದೆ. ಆದ್ದರಿಂದ ಸದಾ ಮಳೆ ಬೀಳುವ ಈ ಕರಾವಳಿಯಲ್ಲೂ ಕಂಬ ಹಲವು ದಶಕ ನಿಲ್ಲುತ್ತದೆ. ಬಾಚಿಯಿಂದ ಆಕಾರ ಬಿಡಿಸಿ, ಬಾಗಿದ ಅಲಗಿನ ಚಾಕುವಿನಿಂದ ನಯಗೊಳಿಸುತ್ತಾರೆ. ದೊಡ್ಡ ಕಂಬವಾದರೆ ಭಾರ ಕಡಿಮೆಯಾಗಲೆಂದು, ಮರ ಬಿರಿಯದಿರಲೆಂದು ಹಿಂಬದಿಯನ್ನು ಟೊಳ್ಳು ಮಾಡುತ್ತಾರೆ. ಹಿಂದೆ ಬಣ್ಣಕ್ಕೆ ಇದ್ದಿಲು, ಕೆಮ್ಮಣ್ಣು ಮೊದಲಾದವನ್ನು ಅರೆದು, ಅಂಟಿಗಾಗಿ ಸಾಲ್ಮನ್ ಮೀನಿನ ಮೊಟ್ಟೆಯನ್ನು ಸೇರಿಸುತ್ತಿದ್ದರು.

ಅದೇ ಮರದಿಂದ ದೋಣಿ, ಮನೆ, ಹಗ್ಗ, ಚಾಪೆ, ಬುಟ್ಟಿ, ಬಟ್ಟೆ ಎಲ್ಲವೂ ಆಗುತ್ತಿದ್ದವು. ಸಂಗ್ರಹಾಲಯದಲ್ಲಿ ನಮ್ಮ ಮಕ್ಕಳನ್ನು ಬಹಳ ಹೊತ್ತು ನಿಲ್ಲಿಸಿದ್ದು ಮರದ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯ ನಾಲ್ಕು ಬದಿಗೂ ಒಂದೇ ಹಲಗೆ! ಹಲಗೆಗೆ ಮೂರು ಕಡೆ ಅಡ್ಡ ಗಾಡಿ ಕೊರೆದು, ಹಬೆಯಲ್ಲಿ ಮೆತ್ತಗಾಗಿಸಿ, ಮೂರು ಮೂಲೆಗಳನ್ನು ಬಗ್ಗಿಸುತ್ತಾರೆ. ನಾಲ್ಕನೆಯ ಮೂಲೆಯನ್ನು ಮಾತ್ರ ಮರದ ಮೊಳೆಯಿಂದ ಸೇರಿಸುತ್ತಾರೆ ಅಥವಾ ಬೇರಿನ ದಾರದಿಂದ ಹೊಲಿಯುತ್ತಾರೆ. ಇಂಥ ಪೆಟ್ಟಿಗೆಯಲ್ಲಿ ನೀರು ನಿಲ್ಲುತ್ತದೆ. ಕಾಯಿಸಿದ ಕಲ್ಲುಗಳನ್ನು ಹಾಕಿ ಅದರಲ್ಲೇ ಅಡುಗೆಯನ್ನೂ ಮಾಡುತ್ತಿದ್ದರು.

ಸ್ಪ್ರೂಸ್ ಮರದ ಬೇರಿನಿಂದ ಹೆಣೆದ ಟೋಪಿಗಳನ್ನು ನೋಡಿದಾಗ ಮಲೆನಾಡಿನ ಪೋಷಕರಿಗೆ ಗೊರಬೆಯ ನೆನಪು ಬರದೆ ಇರದು. ಎರಡೂ ಮಳೆನಾಡಿನ ಬುದ್ಧಿವಂತಿಕೆಯೇ. ಸೀಡರ್ ಮರದ ತೊಗಟೆಯನ್ನು ತೆಗೆಯುವ ಕ್ರಮವೂ ಕಲಿಯುವಂಥದ್ದು. ವಸಂತದ ಕೊನೆಯಲ್ಲಿ, ರಸ ಏರುವ ಕಾಲದಲ್ಲಿ, ಒಂದು ಮರದಿಂದ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಎಳೆದು ತೆಗೆಯುತ್ತಾರೆ. ಮರಕ್ಕೆ ಕೃತಜ್ಞತೆ ಹೇಳುತ್ತಾರೆ. ಮರ ಸಾಯುವುದಿಲ್ಲ. ನೂರಾರು ವರ್ಷದ ಹಿಂದೆ ಹೀಗೆ ತೊಗಟೆ ತೆಗೆದ ಗುರುತಿರುವ ಮರಗಳು ಇಂದಿಗೂ ಕಾಡಿನಲ್ಲಿ ಬದುಕಿವೆ.

ಸಾಕ್ಷಿಗಳಿಲ್ಲದೆ ಕಂಬವಿಲ್ಲ

ಕಂಬವನ್ನು ಕೆತ್ತಿ ನಿಲ್ಲಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಕಂಬ ಏರಿಸುವ ದಿನ ಆ ಮನೆಯವರು ದೂರದ ಊರುಗಳ ನೆಂಟರನ್ನೂ ಮುಖಂಡರನ್ನೂ ಕರೆದು ಪಾಟ್‌ಲ್ಯಾಚ್ ಎಂಬ ದೊಡ್ಡ ಕೂಟ ನಡೆಸುತ್ತಾರೆ. ಹಾಡು, ಕುಣಿತ, ಊಟ ಇರುತ್ತದೆ. ಮನೆತನದ ಕಥೆಯನ್ನು, ಹೆಸರುಗಳನ್ನು, ಹಕ್ಕುಗಳನ್ನು ಎಲ್ಲರ ಮುಂದೆ ಹೇಳುತ್ತಾರೆ. ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಈ ಉಡುಗೊರೆ ಬರಿಯ ಔದಾರ್ಯವಲ್ಲ. ಅದನ್ನು ಪಡೆದವರು ಸಾಕ್ಷಿಗಳಾದರು. "ಈ ಹೆಸರು ಇವರದು, ಈ ಕಥೆ ಇವರದು, ನಾವು ಕೇಳಿದ್ದೇವೆ" ಎಂದು ಮುಂದೆ ಅವರು ಹೇಳಬೇಕು. ಲಿಪಿಯಿಲ್ಲದ ಸಮಾಜದಲ್ಲಿ ಇದೇ ನೋಂದಣಿ ಕಚೇರಿ.

ನಮ್ಮ ಶಾಸನಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮ ಅರಸರು ದಾನವನ್ನು ಕಲ್ಲಿನಲ್ಲಿ ಕೊರೆಸಿ, ಸೂರ್ಯಚಂದ್ರರು ಇರುವವರೆಗೆ ಉಳಿಯಲಿ ಎಂದು ಆಶಿಸಿದರು. ಇವರು ಮರದಲ್ಲಿ ಕೆತ್ತಿದರು. ಮರ ಒಂದು ದಿನ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಿದ್ದ ಕಂಬ ಮಣ್ಣಿಗೆ ಸೇರಲಿ ಎಂದು ಬಿಡುತ್ತಿದ್ದರು. ಬೇಕಾದರೆ ಹೊಸ ಕಂಬ ಕೆತ್ತಿಸಿ, ಮತ್ತೆ ಪಾಟ್‌ಲ್ಯಾಚ್ ಕರೆದು, ಮತ್ತೆ ಕಥೆ ಹೇಳುತ್ತಿದ್ದರು. ಮರ ಹೋದರೂ ಕಥೆ ಹೋಗುತ್ತಿರಲಿಲ್ಲ, ಏಕೆಂದರೆ ಅದನ್ನು ಹೇಳುವವರಿದ್ದರು, ಕೇಳಿದವರಿದ್ದರು.

ನಿಷೇಧದ ಕಾಲ

ಈ ಹೇಳುವ ಕೇಳುವ ಪದ್ಧತಿಗೇ ಪೆಟ್ಟು ಬಿತ್ತು. 1862ರಲ್ಲಿ ಸಿಡುಬಿನ ಮಾರಿ ಈ ಕರಾವಳಿಯ ಊರುಗಳನ್ನೇ ಬರಿದು ಮಾಡಿತು. ಸಾವಿರಾರು ಸಂಖ್ಯೆಯಲ್ಲಿದ್ದ ಹೈಡಾ ಜನರು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸುಮಾರು 600 ಮಂದಿ ಮಾತ್ರ ಉಳಿದಿದ್ದರು. ಜನರಿಲ್ಲದ ಊರುಗಳಲ್ಲಿ ಕಂಬಗಳು ಒಂಟಿಯಾಗಿ ನಿಂತವು.

ಅದರ ಮೇಲೆ ಸರಕಾರ 1884ರಲ್ಲಿ ಇಂಡಿಯನ್ ಆಕ್ಟ್ ಎಂಬ ಕಾನೂನಿಗೆ ತಿದ್ದುಪಡಿ ತಂದು ಪಾಟ್‌ಲ್ಯಾಚನ್ನು ಅಪರಾಧವೆಂದು ಸಾರಿತು. ಎರಡರಿಂದ ಆರು ತಿಂಗಳ ಸೆರೆ ಅದಕ್ಕೆ ಶಿಕ್ಷೆ. ಮಕ್ಕಳೇ, ಇಲ್ಲಿ ಇಂಡಿಯನ್ ಎಂದರೆ ನಾವಲ್ಲ. ಕೊಲಂಬಸ್ ಭಾರತಕ್ಕೇ ಬಂದೆನೆಂದು ತಿಳಿದು ಇಲ್ಲಿನ ಜನರಿಗೆ ಅಂಟಿಸಿದ ಹೆಸರು ಅದು. ಆ ಹೆಸರಿನ ಕಾನೂನು ಅನೇಕ ತಿದ್ದುಪಡಿಗಳೊಂದಿಗೆ ಇಂದಿಗೂ ಇದೆ.

1921ರ ಕೊನೆಯಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬ ಕ್ವಾಕ್ವಕಾವಾಕ್ವ್ ಮುಖಂಡರು ವಿಲೇಜ್ ಐಲೆಂಡಿನಲ್ಲಿ ದೊಡ್ಡ ಪಾಟ್‌ಲ್ಯಾಚ್ ನಡೆಸಿದರು. ಭಾಷಣ ಮಾಡಿದವರನ್ನೂ, ಕುಣಿದವರನ್ನೂ, ಉಡುಗೊರೆ ಹಂಚಿದವರನ್ನೂ ಹಿಡಿದು 1922ರಲ್ಲಿ ವಿಚಾರಣೆ ನಡೆಸಿದರು. ಮುಖವಾಡಗಳನ್ನೂ ಪವಿತ್ರ ವಸ್ತುಗಳನ್ನೂ ಒಪ್ಪಿಸಿದರೆ ಶಿಕ್ಷೆಯಿಲ್ಲ ಎಂದರು. ಒಪ್ಪಿಸದ ಊರಿನವರು ಜೈಲಿಗೆ ಹೋದರು. ಒಪ್ಪಿಸಿದ ಮುಖವಾಡಗಳು ದೂರದ ಸಂಗ್ರಹಾಲಯಗಳಿಗೂ ಖಾಸಗಿಯವರಿಗೂ ಹೋದವು.

ಇದೇ ಕಾಲದಲ್ಲಿ ವಸತಿ ಶಾಲೆಗಳೂ ನಡೆಯುತ್ತಿದ್ದವು. ನಮ್ಮ ಊರಿನಲ್ಲಿ ವಸತಿ ಶಾಲೆ ಎಂದರೆ ನವೋದಯ, ಮೊರಾರ್ಜಿ ದೇಸಾಯಿ ಶಾಲೆಗಳು ಕಣ್ಣ ಮುಂದೆ ಬರುತ್ತವೆ. ಸೀಟು ಸಿಕ್ಕರೆ ಸಿಹಿ ಹಂಚುತ್ತೇವೆ. ಕೆನಡಾದಲ್ಲಿ ಈ ಪದಕ್ಕಿರುವ ಅರ್ಥವೇ ಬೇರೆ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ದೂರ ಮಾಡಿ ಇಂಥ ಶಾಲೆಗಳಿಗೆ ಸೇರಿಸಿದರು. ಮಾತೃಭಾಷೆಯಲ್ಲಿ ಮಾತನಾಡಿದ್ದಕ್ಕೆ ಮಕ್ಕಳು ಪೆಟ್ಟು ತಿಂದರು. ಸಾವಿರಾರು ಮಕ್ಕಳು ಮನೆಗೆ ಹಿಂದಿರುಗಲೇ ಇಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ನಮ್ಮ ಪೋಷಕರಲ್ಲಿ ಹಲವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೂ ಅವು ಇದ್ದವು.

ಮತ್ತೆ ಎದ್ದು ನಿಂತ ಕಂಬಗಳು

ಪಾಟ್‌ಲ್ಯಾಚ್ ನಿಷೇಧ 1951ರಲ್ಲಿ ಕಾನೂನಿನ ಪುಸ್ತಕದಿಂದ ಹೋಯಿತು. ಕ್ವಾಕ್ವಕಾವಾಕ್ವ್ ಶಿಲ್ಪಿ ಮಂಗೋ ಮಾರ್ಟಿನ್ ಅವರು 1953ರಲ್ಲಿ ವಿಕ್ಟೋರಿಯಾದ ಥಂಡರ್‌ಬರ್ಡ್ ಪಾರ್ಕಿನಲ್ಲಿ ತಾವು ಕಟ್ಟಿದ ಮನೆಯಲ್ಲಿ ಬಹಿರಂಗವಾಗಿ ಪಾಟ್‌ಲ್ಯಾಚ್ ನಡೆಸಿದರು. ನಿಷೇಧದ ಕಾಲದಲ್ಲೂ ಕೆತ್ತನೆಯನ್ನು ಬಿಡದೆ ಉಳಿಸಿಕೊಂಡಿದ್ದ ಅವರು ಕಿರಿಯರಿಗೆ ಅದನ್ನು ಕಲಿಸಿದರು.

ಬಿಲ್ ರೀಡ್ ಅವರ ಹೆಸರನ್ನೂ ಹೇಳಬೇಕು. ಅವರ ತಾಯಿ ಹೈಡಾ. ಸಿಬಿಸಿ ರೇಡಿಯೋದಲ್ಲಿ ಉದ್ಘೋಷಕರಾಗಿದ್ದ ಬಿಲ್ ರೀಡ್ ದೊಡ್ಡವರಾದ ಮೇಲೆ ತಾಯಿಯ ಕಡೆಯ ಕಲೆಯನ್ನು ಕಲಿತರು. ಅವರೂ ಡಗ್ ಕ್ರ್ಯಾನ್ಮರ್ ಅವರೂ ಸೇರಿ 1959ರಿಂದ 1962ರವರೆಗೆ ಕೆತ್ತಿ ಕಟ್ಟಿದ ಹೈಡಾ ಮನೆಗಳು ಈ ಸಂಗ್ರಹಾಲಯದ ಹಿಂಬದಿಯ ಬಯಲಿನಲ್ಲಿವೆ. ಈ ಡಗ್ ಕ್ರ್ಯಾನ್ಮರ್ ಯಾರೆಂದುಕೊಂಡಿರಿ? 1921ರಲ್ಲಿ ಪಾಟ್‌ಲ್ಯಾಚ್ ನಡೆಸಿದ ಡ್ಯಾನ್ ಕ್ರ್ಯಾನ್ಮರ್ ಅವರ ಮಗ!

ಸಂಗ್ರಹಾಲಯದ ದುಂಡು ಕೋಣೆಯಲ್ಲಿ ಬಿಲ್ ರೀಡ್ ಅವರ ಹಳದಿ ಸೀಡರಿನ ದೊಡ್ಡ ಶಿಲ್ಪವಿದೆ. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿ ಇಟ್ಟಿದ್ದ ಕಟ್ಟೆಯ ಮೇಲೆ 1980ರಿಂದ ಅದು ಕುಳಿತಿದೆ. ಪ್ರಳಯದ ನೀರು ಇಳಿದ ಮೇಲೆ ರೇವನ್ ಕಡಲತೀರದಲ್ಲಿ ಒಂದು ಕಪ್ಪೆಚಿಪ್ಪನ್ನು ಕಾಣುತ್ತದೆ. ಒಳಗೆ ಹೆದರಿ ಅಡಗಿದ ಪುಟ್ಟ ಮನುಷ್ಯರು. ರೇವನ್ ಪುಸಲಾಯಿಸಿ ಅವರನ್ನು ಹೊರಗೆ ಕರೆಯುತ್ತದೆ. ಹೈಡಾ ಜನರ ಪ್ರಕಾರ ಮನುಷ್ಯರು ಲೋಕಕ್ಕೆ ಬಂದದ್ದು ಹೀಗೆ. 2004ರಲ್ಲಿ ಬಂದ 20 ಡಾಲರಿನ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವಿತ್ತು. ಪೋಷಕರಲ್ಲಿ ಕೆಲವರಿಗೆ ನೆನಪಿರಬಹುದು.

ಹೈಡಾ ಗ್ವಾಯ್ ದ್ವೀಪಗಳ ಮ್ಯಾಸೆಟ್ ಊರಿನಲ್ಲಿ 1969ರಲ್ಲಿ ಇನ್ನೊಂದು ಕಂಬ ಎದ್ದಿತು. ಅಲ್ಲಿ ಸುಮಾರು ಒಂದು ಶತಮಾನದಿಂದ ಹೊಸ ಕಂಬ ನಿಂತಿರಲಿಲ್ಲ. ಅದನ್ನು ಕೆತ್ತಿದ ರಾಬರ್ಟ್ ಡೇವಿಡ್‌ಸನ್ ಅವರಿಗೆ ಆಗ 22 ವರ್ಷ. ಕಂಬ ಏರಿಸುವಾಗ ಯಾವ ಹಾಡು ಹಾಡಬೇಕು, ಯಾವ ಕ್ರಮ ಅನುಸರಿಸಬೇಕು ಎಂಬುದನ್ನು ಊರಿನ ಅಜ್ಜ ಅಜ್ಜಿಯರು ಒಟ್ಟಿಗೆ ಕುಳಿತು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿ ಹೊಂದಿಸಿಕೊಂಡರು.

ಮನೆಗೆ ಮರಳಿದ ಕಂಬಗಳು

ಸಂಗ್ರಹಾಲಯಗಳಲ್ಲಿರುವ ಕಂಬಗಳೆಲ್ಲ ಒಪ್ಪಿಗೆಯಿಂದ ಬಂದವಲ್ಲ. ಹೈಸ್ಲಾ ಜನರ ಒಬ್ಬ ಮುಖಂಡರು 1872ರಲ್ಲಿ ನಿಲ್ಲಿಸಿದ್ದ ಕಂಬವೊಂದನ್ನು 1929ರಲ್ಲಿ ಕಡಿದು ಸ್ವೀಡನ್ನಿಗೆ ಸಾಗಿಸಿದ್ದರು. ಹೈಸ್ಲಾ ಜನರು ವರ್ಷಗಟ್ಟಲೆ ಕೇಳಿದರು. ಅದರ ಬದಲಿಗೆ ಹೊಸದೊಂದು ಪ್ರತಿಯನ್ನು ಕೆತ್ತಿಕೊಟ್ಟು 2006ರಲ್ಲಿ ಹಳೆಯದನ್ನು ಮನೆಗೆ ತಂದರು. ಅದೇ 1929ರಲ್ಲಿ ನಿಸ್ಗಾ ಜನರ ಸ್ಮಾರಕ ಕಂಬವೊಂದು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿತ್ತು. ಸುಮಾರು 11 ಮೀಟರ್ ಉದ್ದದ ಆ ಕಂಬ 2023ರ ಸೆಪ್ಟೆಂಬರಿನಲ್ಲಿ ವಿಮಾನದಲ್ಲಿ ಮರಳಿ ನಾಸ್ ಕಣಿವೆಗೆ ಬಂತು. ಡ್ಯಾನ್ ಕ್ರ್ಯಾನ್ಮರ್ ಅವರ ಪಾಟ್‌ಲ್ಯಾಚಿನಿಂದ ಕಸಿದ ಮುಖವಾಡಗಳಲ್ಲಿ ಬಹಳಷ್ಟು ಮರಳಿವೆ. ಅವುಗಳಲ್ಲಿ ಒಂದು ಪಾಲು ಅಲರ್ಟ್ ಬೇ ಊರಿನಲ್ಲಿ 1980ರಲ್ಲಿ ತೆರೆದ ಉಮಿಸ್ಟಾ ಸಾಂಸ್ಕೃತಿಕ ಕೇಂದ್ರದಲ್ಲಿದೆ.

ವಿಶ್ವವಿದ್ಯಾಲಯದ ಆವರಣದಲ್ಲೇ ಇನ್ನೊಂದು ಕಂಬವಿದೆ. ಪೋಷಕರು ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಬೇಕು. ಹೈಡಾ ಶಿಲ್ಪಿ ಜೇಮ್ಸ್ ಹಾರ್ಟ್ ಕೆತ್ತಿದ, ಸುಮಾರು 17 ಮೀಟರ್ ಎತ್ತರದ ಈ ಸಾಮರಸ್ಯದ ಕಂಬವನ್ನು 2017ರ ಏಪ್ರಿಲ್ 1ರಂದು ಏರಿಸಿದರು. ಮರಕ್ಕೆ ಸುಮಾರು 800 ವರ್ಷ. ಕಂಬದ ನಡುವೆ ವಸತಿ ಶಾಲೆಯ ಕಟ್ಟಡವನ್ನು ಕೆತ್ತಿದ್ದಾರೆ. ಅಲ್ಲಿ ತೀರಿಹೋದ ಮಕ್ಕಳ ನೆನಪಿಗೆ ಅದರ ಮೇಲೆ 68,000 ತಾಮ್ರದ ಮೊಳೆಗಳನ್ನು ಬಡಿದಿದ್ದಾರೆ. ಬಡಿದವರಲ್ಲಿ ಆ ಶಾಲೆಗಳಲ್ಲಿ ಓದಿ ಬದುಕುಳಿದವರೂ, ಇಂದಿನ ಶಾಲಾ ಮಕ್ಕಳೂ ಇದ್ದರು.

ಮುಂದಿನ ಸಲ ಹೋದಾಗ

ಮಕ್ಕಳೇ, ಕಂಬದ ಮುಂದೆ ನಿಂತಾಗ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಜನರದು? ಕೆತ್ತಿದವರ ಹೆಸರು ಬರೆದಿದೆಯೇ? ಮೊದಲು ಎಲ್ಲಿ ನಿಂತಿತ್ತು? ಇಲ್ಲಿಗೆ ಹೇಗೆ ಬಂತು? ವಿವರಣೆಯ ಫಲಕದಲ್ಲಿ ಉತ್ತರ ಇಲ್ಲದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಕಂಬವನ್ನು ಮುಟ್ಟಬೇಡಿ. ಪ್ರಾಜೆಕ್ಟಿಗಾಗಿ ಚಿತ್ರ ಬರೆಯುವುದಾದರೆ ಯಾರ ಕಂಬ ಎಂಬುದನ್ನು ಚಿತ್ರದ ಕೆಳಗೆ ಬರೆಯಿರಿ.

ಪೋಷಕರಿಗೂ ಒಂದು ಮಾತು. ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಲನಿವಾಸಿಗಳ ಮೂವತ್ತಕ್ಕೂ ಹೆಚ್ಚು ಭಾಷೆಗಳಿವೆ. ಅವುಗಳಲ್ಲಿ ಹಲವನ್ನು ಹುಟ್ಟಿನಿಂದ ಮಾತನಾಡುತ್ತ ಬಂದವರು ಬೆರಳೆಣಿಕೆಯಷ್ಟು ಹಿರಿಯರು ಮಾತ್ರ. ಅವರ ಮೊಮ್ಮಕ್ಕಳು ಈಗ ತರಗತಿಗಳಲ್ಲಿ ಕುಳಿತು ಆ ಭಾಷೆಗಳನ್ನು ಮತ್ತೆ ಕಲಿಯುತ್ತಿದ್ದಾರೆ. 2018ರಲ್ಲಿ ಪೂರ್ತಿ ಹೈಡಾ ಭಾಷೆಯಲ್ಲೇ ಒಂದು ಚಲನಚಿತ್ರವೂ ಬಂದಿದೆ. ಅದರ ನಟರಲ್ಲಿ ಹೆಚ್ಚಿನವರು ಆ ಚಿತ್ರಕ್ಕಾಗಿಯೇ ಭಾಷೆ ಕಲಿತವರು. ಅವರಿಂದ ಬಲವಂತವಾಗಿ ಕಿತ್ತುಕೊಂಡದ್ದು ನಮ್ಮ ಕೈಯಲ್ಲಿ ಇನ್ನೂ ಇದೆ. ನಮ್ಮ ಮಕ್ಕಳು ಇದೇ ನೆಲದಲ್ಲಿ ಯಾರ ಭಯವೂ ಇಲ್ಲದೆ ಅ ಆ ಇ ಈ ಬರೆಯುತ್ತಾರೆ, ಅಜ್ಜಿಯೊಂದಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ. ಕಥೆ ಹೇಳುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರಿಂದ ನಿಮ್ಮ ಮನೆತನದ ಒಂದು ಕಥೆಯನ್ನು ಕೇಳಿ, ಕನ್ನಡದಲ್ಲೇ ಬರೆದು ತನ್ನಿ. ಶಾಲೆ ತೆರೆದ ಮೊದಲ ವಾರ ಅವನ್ನೆಲ್ಲ ತರಗತಿಯಲ್ಲಿ ಓದಿಸುತ್ತೇವೆ, ಎಲ್ಲರೂ ಕುಳಿತು ಕೇಳೋಣ.